ಕೊಳ ಮುಚ್ಚುವ ಶನಿವಾರ

ಬೆಳಿಗ್ಗೆ ಒಂಬತ್ತಕ್ಕೆ ವಿಯನೆಯ ಟ್ರಕ್ಕು ಹಿಮ್ಮುಖವಾಗಿ ಬಂದು ಹಿತ್ತಲ ಗೇಟಿಗೆ ನಿಂತದ್ದನ್ನು ರೊಸೇರ್ ಅಡುಗೆಮನೆ ಕಿಟಕಿಯಿಂದ ನೋಡಿದ. ನೋಡಿದವನಿಗೆ ಎಷ್ಟು ತಬ್ಬಿಬ್ಬಾಯಿತೆಂದರೆ, ಕೈಯಲ್ಲಿದ್ದ ಬಿಸಿ ಕಾಫಿಯನ್ನು ತೆಗೆದುಕೊಂಡು ಹೋಗಿ ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿದ.

ವಿಯನೆ ಅವನ ಹೆಂಡತಿಯ ತಮ್ಮ. ಇಪ್ಪತ್ತೆರಡು ವರ್ಷದಿಂದ ಅಕ್ಟೋಬರಿನ ಕೃತಜ್ಞತಾ ಹಬ್ಬದ ಶನಿವಾರ ಟ್ರಕ್ಕಿನಲ್ಲಿ ಕಂಪ್ರೆಸರ್ ಹೇರಿಕೊಂಡು ಬರುವುದು, ಭಾವ ಭಾವಮೈದ ಇಬ್ಬರೂ ಸೇರಿ ಹಿತ್ತಲ ಈಜುಕೊಳವನ್ನು ಚಳಿಗಾಲಕ್ಕೆ ಮುಚ್ಚುವುದು, ಸಂಜೆ ನಾಲ್ಕು ಬಿಯರ್ ಕುಡಿದು ಹೋಗುವುದು ನಡೆದುಕೊಂಡು ಬಂದ ಪದ್ಧತಿ. ತೆರ್‌ಬೋನ್ ಊರಿನ ಆ ಬೀದಿಯಲ್ಲಿ ಹದಿನಾರು ಮನೆಗೆ ಹದಿಮೂರು ಕೊಳ. ಹದಿಮೂರರಲ್ಲೂ ಆವತ್ತು ಯಾರದೋ ಭಾವ, ಯಾರದೋ ಭಾವಮೈದ ಮೊಣಕಾಲೂರಿ ಕೂತಿರುತ್ತಾರೆ. ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಜುಲೈಯಲ್ಲಿ ಮರಿಯೆಟ್ ಮನೆ ಬಿಟ್ಟು ಹೋಗಿದ್ದಳು. ಹೆಂಡತಿಯೇ ಹೋದಮೇಲೆ ಅವಳ ತಮ್ಮ ಬರುತ್ತಾನೆಂದು ಯಾವ ಗಂಡಸು ತಾನೇ ಕಾಯುತ್ತಾನೆ? ರೊಸೇರ್ ಕಾದಿರಲಿಲ್ಲ. ಕಾಯದೆ ಇದ್ದದ್ದಷ್ಟೇ ಅಲ್ಲ, ಕೊಳ ಮುಚ್ಚುವ ಕಂಪನಿಯೊಂದಕ್ಕೆ ಫೋನ್ ಮಾಡಿ ಹೇಳಿಯೂಬಿಟ್ಟಿದ್ದ. ಆವತ್ತೇ ಹನ್ನೊಂದು ಗಂಟೆಗೆ ಬರುತ್ತೇವೆ ಅಂದಿದ್ದರು.

ಮರಿಯೆಟ್ ಯಾಕೆ ಹೋದಳು ಅನ್ನುವುದೇ ಅವನಿಗೆ ಇನ್ನೂ ತಿಳಿದಿರಲಿಲ್ಲ. ಮೂವತ್ತೊಂದು ವರ್ಷದ ಸಂಸಾರ. ಹೊಡೆತ ಬಡಿತ ಇಲ್ಲ, ಕುಡಿತ ಇಲ್ಲ, ಇನ್ನೊಬ್ಬಳ ಕಡೆ ಕಣ್ಣೆತ್ತಿ ನೋಡಿದವನಲ್ಲ. ಒಂದು ಸಂಜೆ ಅವಳು ಮೇಜಿನಾಚೆ ಕೂತು, "ನಾನು ಈ ಮನೇಲಿ ಇದ್ದೀನೋ ಇಲ್ವೋ ಅನ್ನೋದು ನಿನಗೆ ಗೊತ್ತೇ ಆಗಲ್ಲ, ರೊಸೇರ್" ಅಂದಳು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಊಟಕ್ಕೆ ಏನಿದೆ?" ಅಂದ. ಅವಳು ನಕ್ಕಳು. ಆ ನಗು ಯಾಕೆ ಅಂತಲೂ ಅವನಿಗೆ ಹೊಳೆಯಲಿಲ್ಲ. ಮೂವತ್ತು ವರ್ಷ ಶಾಲೆ ಬಸ್ಸು ಓಡಿಸಿದವನು, ಊರಿನ ಒಂದೊಂದು ತಿರುವೂ ಕಣ್ಣು ಮುಚ್ಚಿ ಹೇಳುವವನು, ತನ್ನ ಮನೆಯೊಳಗೆ ಮಾತ್ರ ದಾರಿ ತಪ್ಪಿದ್ದ.

ಅದಕ್ಕೇ ಟ್ರಕ್ಕು ಕಂಡ ಕೂಡಲೇ ಅವನ ತಲೆಯೊಳಗೆ ಎದ್ದದ್ದು ಒಂದೇ ಪ್ರಶ್ನೆ. ಇವನನ್ನು ಅವಳು ಕಳಿಸಿದಳಾ? ಅವಳು ಕಳಿಸಿದ್ದರೆ ಈ ಮನೆಯ ಚಿಂತೆ ಅವಳಿಗಿನ್ನೂ ಇದೆ. ಚಿಂತೆ ಇದ್ದವಳು ಇವತ್ತಲ್ಲ ನಾಳೆ ಬರುತ್ತಾಳೆ. ಕಳಿಸದೇ ಇದ್ದರೆ? ಅದನ್ನು ಯೋಚಿಸುವ ಧೈರ್ಯ ಅವನಿಗಿರಲಿಲ್ಲ.

ಹೊರಗೆ ಬಂದರೆ ವಿಯನೆ ಕಂಪ್ರೆಸರ್ ಇಳಿಸುತ್ತಿದ್ದ. ಮೈಮೇಲೆ ಬೇಟೆಗಾರರು ಹಾಕುವ ಕಿತ್ತಳೆ ಬಣ್ಣದ ತೋಳಿಲ್ಲದ ಕೋಟು.

"ಏನ್ ಭಾವ, ಕಣ್ಣು ಕಣ್ಣು ಬಿಡ್ತಾ ನಿಂತಿದೀಯ. ಆ ಕಡೆ ಹಿಡಿ. ನನ್ನ ಸೊಂಟ ಮೊದಲಿನ ಹಾಗಿಲ್ಲ."

ರೊಸೇರ್ ಆ ಕಡೆ ಹಿಡಿದ. "ಬೇಟೆ ಮುಂದಿನ ವಾರ ಅಲ್ವೇನೋ? ಇದೇನು ಈ ವೇಷ?"

"ಈ ಸಲ ಸ್ವಲ್ಪ ಬೇಗ" ಅಂದ ವಿಯನೆ, ಮುಖ ಆಚೆ ತಿರುಗಿಸಿಕೊಂಡು. ಆಮೇಲೆ ಕೊಳದ ಅಂಚಿಗೆ ಹೋಗಿ ಬಗ್ಗಿ ನೋಡಿ ನಿಂತ. ನೀರು ಆಗಲೇ ಮೊಣಕೈ ಉದ್ದ ಕೆಳಗಿಳಿದಿತ್ತು. ಗೋಡೆಯಲ್ಲಿ ಎಲೆ ಕಸ ಎಳೆದುಕೊಳ್ಳುವ ಬಾಯಿ ಒಣಗಿ ಬಿಳಿಚಿಕೊಂಡಿತ್ತು. "ಅಯ್ಯೋ, ನೀರು ಆಗ್ಲೇ ಇಳಿಸಿಟ್ಟಿದೀಯ. ನಾನು ಬರ್ತೀನಿ ಅಂತ ಗೊತ್ತಿತ್ತು ಅನ್ನು."

ನೀರು ಇಳಿಸಿಡಿ ಅಂತ ಹೇಳಿದ್ದು ಕಂಪನಿಯವರು. ರೊಸೇರ್ ಬಾಯಿ ತೆರೆದ. ವಿಯನೆಯ ಮುಖದಲ್ಲಿ ಅಷ್ಟು ಸಂತೋಷ ಕಂಡಮೇಲೆ ನಿಜ ಹೇಳಲು ನಾಲಿಗೆ ಏಳಲಿಲ್ಲ. "ಹೂಂ, ಮತ್ತೆ" ಅಂದ.

ಅಲ್ಲಿಗೆ ಒಂದು ಸುಳ್ಳು ಮೈಮೇಲೆ ಬಂತು. ಬಚ್ಚಲುಮನೆಗೆ ಹೋಗಿ ಬರುತ್ತೇನೆಂದು ಒಳಗೆ ಹೋಗಿ, ಬಾಗಿಲ ಚಿಲಕ ಹಾಕಿಕೊಂಡು ಕಂಪನಿಗೆ ಫೋನ್ ಮಾಡಿದ. ಕೊಳ ತೆರೆಯಬೇಕಾದರೆ ಒಂದನ್ನು ಒತ್ತಿ, ಮುಚ್ಚಬೇಕಾದರೆ ಎರಡನ್ನು ಒತ್ತಿ ಅಂತ ಒಂದು ಹೆಣ್ಣು ದನಿ ಹೇಳಿತು. ಎರಡನ್ನು ಒತ್ತಿದ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಅಂತ ಹೇಳಿ ಹಾಡು ಹಾಕಿದರು. ಮೂರು ಹಾಡು ಮುಗಿಯಿತು. ಬರಬೇಡಿ ಅನ್ನುವುದಕ್ಕೆ ಯಾವ ಅಂಕಿ ಒತ್ತಬೇಕೆಂದು ಕೊನೆಗೂ ಯಾರೂ ಹೇಳಲಿಲ್ಲ.

ಬಚ್ಚಲಿನಿಂದ ಹೊರಗೆ ಬಂದವನು ಅಡುಗೆಮನೆಯ ಮೇಜು ನೋಡಿ ಹಾಗೇ ನಿಂತುಬಿಟ್ಟ. ಮೇಜಿನ ಮೇಲೆ ವಿಯನೆ ತಂದಿಟ್ಟ ಒಂದು ಹಸಿರು ಎನಾಮೆಲ್ ಪಾತ್ರೆ. ಮುಚ್ಚಳದ ಅಂಚಿನಲ್ಲಿ ಉಗುರಿನಷ್ಟು ಬಣ್ಣ ಹಾರಿತ್ತು. ಅದು ಮರಿಯೆಟ್ಟಳ ಪಾತ್ರೆ. ಆ ಬಣ್ಣ ಹಾರಿದ್ದು ಅವನ ಕೈಯಿಂದಲೇ, ಮಗಳ ಮದುವೆಯ ವರ್ಷ. ಮುಚ್ಚಳ ಎತ್ತಿದ. ಹಂದಿಮಾಂಸ ಹಾಕಿ, ಮೇಪಲ್ ಪಾಕ ಸುರಿದು ರಾತ್ರಿಯಿಡೀ ಬೇಯಿಸಿದ ಬೀನ್ಸ್ ಕಾಳು. ಚಮಚ ಹುಡುಕುವಷ್ಟು ತಾಳ್ಮೆಯೂ ಇಲ್ಲದೆ ಬೆರಳದ್ದಿ ನೆಕ್ಕಿದ. ಸಾಸಿವೆ ಇದೆ. ಮರಿಯೆಟ್ ಸಾಸಿವೆ ಹಾಕುತ್ತಾಳೆ. ಬೇರೆ ಹೆಂಗಸರೂ ಹಾಕುತ್ತಾರೆ, ತೆರ್‌ಬೋನಿನಲ್ಲಿ ಸಾಸಿವೆ ಹಾಕದ ಅಡುಗೆಮನೆ ಎಲ್ಲಿದೆ? ಆದರೆ ಆ ಹೊತ್ತಿಗೆ ಅದೆಲ್ಲ ಅವನ ತಲೆಗೆ ಹೋಗುತ್ತದೆಯೇ? ಕಳಿಸಿದ್ದಾಳೆ, ಅಂದುಕೊಂಡ.

"ಆ ಪಾತ್ರೆ..." ಅಂದ, ಹಿತ್ತಲಿಗೆ ಬಂದು.

"ಮಧ್ಯಾಹ್ನಕ್ಕೆ ಬಿಸಿ ಮಾಡ್ಕೊಳ್ಳೋಣ. ಈಗ ಕೆಲಸ ನೋಡು" ಅಂದ ವಿಯನೆ, ಕೊಳದ ಪಂಪಿರುವ ಶೆಡ್ಡಿನೊಳಕ್ಕೆ ಹೋಗುತ್ತ.

ಇಂಥ ಸಣ್ಣ ಕಂಪ್ರೆಸರಿನಲ್ಲಿ ಈ ಕೆಲಸ ಒಬ್ಬನಿಂದ ಆಗುವುದಲ್ಲ. ಶೆಡ್ಡಿನಲ್ಲಿ ಒಬ್ಬ ಕೊಳವೆಗೆ ಗಾಳಿ ಊದಬೇಕು. ಇನ್ನೊಬ್ಬ ಕೊಳದ ಅಂಚಿನಲ್ಲಿ ಬೋರಲು ಮಲಗಿ, ತಣ್ಣನೆ ನೀರಿಗೆ ತೋಳು ಇಳಿಬಿಟ್ಟು, ಕೊಳವೆಯ ನೀರೆಲ್ಲ ಹೊರಬಿದ್ದು ಗಾಳಿಗುಳ್ಳೆ ಬುಳುಬುಳು ಏಳುವುದನ್ನು ಕಾಯಬೇಕು. ಗುಳ್ಳೆ ಬರುತ್ತಿರುವಾಗಲೇ ರಬ್ಬರಿನ ಬಿರಡೆಯನ್ನು ತೂತಿಗೆ ತಿರುಪಿ ಬಿಗಿಯಬೇಕು. ಒಂದು ಕ್ಷಣ ತಡವಾದರೆ ನೀರು ವಾಪಸು ನುಗ್ಗುತ್ತದೆ. ಆ ನೀರು ಜನವರಿಯಲ್ಲಿ ಹೆಪ್ಪುಗಟ್ಟಿದರೆ ಕೊಳವೆ ಸೀಳಿಹೋಗುತ್ತದೆ. ಆಮೇಲೆ ವಸಂತದಲ್ಲಿ ಹಿತ್ತಲನ್ನೆಲ್ಲ ಅಗೆಸಬೇಕು.

"ಊದ್ತೀನಿ" ಅಂತ ಶೆಡ್ಡಿನಿಂದ ಕೂಗು ಬಂತು.

ರೊಸೇರ್ ಮಲಗಿಕೊಂಡ. ನೀರು ಮೂಳೆ ಕೊರೆಯುತ್ತಿತ್ತು. "ಅವಳು ಹೆಂಗಿದ್ದಾಳೆ?" ಅಂತ ಕೂಗಿದ.

"ಯಾರು?"

"ಯಾರು ಅಂದ್ರೆ? ನಿನ್ನ ಅಕ್ಕ."

ಕಂಪ್ರೆಸರ್ ಗುರ್ರೆಂದಿತು. ಅದರ ಸದ್ದಿನೊಳಗೆ ವಿಯನೆ ಏನೋ ಹೇಳಿದ. ಹೇಳಿದನೋ, ಹೇಳಿದಂತೆ ಮಾಡಿದನೋ. ಗುಳ್ಳೆ ಎದ್ದವು, ರೊಸೇರ್ ಬಿರಡೆ ಬಿಗಿದ. ಎರಡನೆಯ ಕೊಳವೆಗೆ ಹೋಗುವ ಮೊದಲು ಮತ್ತೆ ಕೇಳಿದ, "ಏನಾದ್ರೂ ಹೇಳಿ ಕಳಿಸಿದಳಾ?"

ವಿಯನೆ ಶೆಡ್ಡಿನ ಬಾಗಿಲಿಗೆ ಬಂದು ಕೈ ಒರೆಸಿಕೊಂಡ. "ಭಾವ, ಮೊದಲು ಇದು ಮುಗೀಲಿ."

ಇದೊಳ್ಳೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತು. ಹೌದೂ ಅಲ್ಲ, ಇಲ್ಲವೂ ಅಲ್ಲ. ಇಲ್ಲ ಅನ್ನಲಿಲ್ಲವಲ್ಲ, ಅಂತ ರೊಸೇರ್ ಲೆಕ್ಕ ಹಾಕಿದ. ಇಲ್ಲದಿದ್ದರೆ ಇಲ್ಲ ಅನ್ನುತ್ತಿದ್ದ. ಏನೋ ಇದೆ. ಕೆಲಸ ಮುಗಿದ ಮೇಲೆ ಬಿಯರ್ ಕುಡಿಯುತ್ತ ಹೇಳಲಿ ಅಂತ ಅವಳೇ ಹೇಳಿರಬೇಕು. ಎರಡನೆಯ ಬಿರಡೆ ಬಿಗಿಯುವಾಗ ಅವನಿಗೆ ಚಳಿಯೇ ಗೊತ್ತಾಗಲಿಲ್ಲ.

ಮೂರನೆಯ ಕೊಳವೆಗೆ ಗಾಳಿ ಊದುತ್ತಿರುವಾಗ ಮನೆ ಮುಂದೆ ವ್ಯಾನು ಬಂದು ನಿಂತಿತು. ಉಣ್ಣೆ ಟೋಪಿ ಹಾಕಿಕೊಂಡ ಹುಡುಗಿಯೊಬ್ಬಳು ಆಳೆತ್ತರದ ಗಾಳಿಯಂತ್ರವನ್ನು ಚಕ್ರದ ಮೇಲೆ ತಳ್ಳಿಕೊಂಡು ಮನೆಯ ಪಕ್ಕದಿಂದ ಹಿತ್ತಲಿಗೇ ಬಂದಳು. ಚೂಯಿಂಗ್ ಗಮ್ ಅಗಿಯುತ್ತಿದ್ದಳು. ಅಂಗಿಯ ಮೇಲೆ ನೊಯೆಮಿ ಅಂತ ಹೆಸರು ಹೊಲಿದಿತ್ತು.

"ನಮಸ್ಕಾರ ಸಾರ್. ಕೊಳ ಮುಚ್ಚೋಕೆ ಕರೆದಿದ್ರಿ. ನಲವತ್ತು ನಿಮಿಷದಲ್ಲಿ ಮುಗಿಸಿಕೊಡ್ತೀನಿ."

ಕಂಪ್ರೆಸರ್ ನಿಂತಿತು. ವಿಯನೆ ಹೊರಗೆ ಬಂದು ಹುಡುಗಿಯನ್ನು ನೋಡಿದ, ಯಂತ್ರವನ್ನು ನೋಡಿದ, ನೆಲದ ಮೇಲೆ ಬೋರಲು ಬಿದ್ದಿದ್ದ ಭಾವನನ್ನು ನೋಡಿದ.

"ಯಾರು ಇದು?"

"ಅದು... ನಾನೇ ಹೇಳಿದ್ದೆ. ಹೋದ ವಾರ" ಅಂದ ರೊಸೇರ್, ಏಳಲು ಪರದಾಡುತ್ತ. ತೋಳು ಮರಗಟ್ಟಿ ಊರುವುದಕ್ಕೂ ಬರಲಿಲ್ಲ.

"ಓಹೋ. ನೀರು ಇಳಿಸಿದ್ದು ನನಗಲ್ಲ. ಇವರಿಗೆ."

"ನೀನು ಬರಲ್ಲ ಅಂದ್ಕೊಂಡೆ ಕಣೋ."

"ಯಾಕೆ ಬರಲ್ಲ? ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ತಪ್ಪಿಸಿದೀನಾ? ಬೆನ್ನು ಆಪರೇಷನ್ ಆದ ವರ್ಷ ಶೆಡ್ಡಲ್ಲಿ ಕುರ್ಚಿ ಹಾಕ್ಕೊಂಡು ಕೂತು ಊದಲಿಲ್ವಾ? ಹೊರಗಿನವರನ್ನ ಕರೆಸ್ತಾನಂತೆ. ಬೀದಿಯವರೆಲ್ಲ ನೋಡ್ಲಿ ಅಂತ."

"ಒಂದು ಫೋನ್ ಮಾಡಬಹುದಿತ್ತಲ್ಲ ನೀನು."

"ನೀನು ಮಾಡಬಹುದಿತ್ತಲ್ಲ. ಮೂರು ತಿಂಗಳಾಯ್ತು. ನಿನ್ನ ಫೋನಿಗೆ ತುಕ್ಕು ಹಿಡಿದಿತ್ತಾ?"

ರೊಸೇರನಿಗೆ ಏನೊಂದೂ ಅರ್ಥವಾಗಲಿಲ್ಲ. ತನ್ನನ್ನು ಇವರೆಲ್ಲ ಬಿಟ್ಟರು ಅಂತ ಅವನು ಮೂರು ತಿಂಗಳು ಗೋಡೆ ನೋಡುತ್ತ ಕೂತಿದ್ದ. ಈಗ ನೋಡಿದರೆ ತಾನೇ ಇವರನ್ನು ಬಿಟ್ಟವನಂತೆ. ಯಾರು ಯಾರನ್ನು ಬಿಟ್ಟದ್ದು? ವಿಯನೆ ಅಷ್ಟರಲ್ಲಿ ಜಗಳ ನಿಲ್ಲಿಸಿ, ಗಾಳಿಯ ಪೈಪನ್ನು ಸುತ್ತತೊಡಗಿದ್ದ. ಅವನು ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಪೈಪು ಸುತ್ತುವ ರೀತಿ ನೋಡಿದರೆ ಟ್ರಕ್ಕು ಹತ್ತಿ ಹೊರಟೇಬಿಡುವಂತಿತ್ತು. ಇವನು ಹೋದರೆ ಮರಿಯೆಟ್ ಹೇಳಿ ಕಳಿಸಿದ ಮಾತೂ ಹೋಯಿತು.

"ನಾನೇನ್ ಮಾಡ್ಲಿ, ಇರ್ಲಾ ಹೋಗ್ಲಾ?" ಅಂದಳು ನೊಯೆಮಿ.

"ಇರಮ್ಮ" ಅಂದ ವಿಯನೆ.

"ಹೋಗಮ್ಮ" ಅಂದ ರೊಸೇರ್.

ಹುಡುಗಿ ಗಮ್ ಅಗಿಯುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದಳು. "ನಿಮ್ಮಿಬ್ಬರಲ್ಲಿ ಮನೆ ಯಜಮಾನ್ರು ಯಾರು ಸಾರ್?"

ರೊಸೇರ್ ಬೆಬ್ಬೆಬ್ಬೆ ಅಂದ. ಮನೆ ಅವನದೂ ಹೌದು, ಮರಿಯೆಟ್ಟಳದೂ ಹೌದು, ಕಾಗದದಲ್ಲಿ ಇಬ್ಬರ ಹೆಸರೂ ಇದೆ. ಆದರೆ ಅವಳಿಲ್ಲದ ಮನೆಗೆ ತಾನು ಏನಾಗಬೇಕು ಅಂತ ಅವನಿಗೇ ತಿಳಿಯದು. ಅದನ್ನೆಲ್ಲ ಈ ಹುಡುಗಿಗೆ ಹೇಗೆ ಹೇಳುವುದು? ಕೊನೆಗೆ ಬಾಯಿಗೆ ಬಂದದ್ದು ಇಷ್ಟು: "ಹೋಗಿ ಬಾರಮ್ಮ. ನನ್ನ ಭಾವಮೈದ ಇದ್ದಾನೆ."

"ಭಾವಮೈದ ಇದ್ದಾರಾ?" ನೊಯೆಮಿ ಯಂತ್ರವನ್ನು ತಿರುಗಿಸಿಕೊಂಡಳು. "ಮೊದಲೇ ಹೇಳಬಾರದಾ ಸಾರ್. ಭಾವಮೈದ ಇರೋ ಮನೆಯಿಂದ ನಮಗೆ ಫೋನೇ ಬರಲ್ಲ. ಡೈವೋರ್ಸ್ ಆದವರು ಮಾತ್ರ ನಮ್ಮನ್ನ ಕರೆಯೋದು."

ವ್ಯಾನು ಹೋಯಿತು. ವಿಯನೆ ಪೈಪು ಸುತ್ತುವುದನ್ನು ನಿಲ್ಲಿಸಿದ್ದ. ಬಿಚ್ಚಲೂ ಇಲ್ಲ. ಆಮೇಲೆ ವಿಯನೆ ಪೈಪನ್ನು ಮತ್ತೆ ಬಿಚ್ಚಿಕೊಂಡು ಶೆಡ್ಡಿಗೆ ಹೋದ. ಉಳಿದ ಕೊಳವೆಗಳಿಗೆ ಗಾಳಿ ಊದಿದರು, ಬಿರಡೆ ಹಾಕಿದರು, ಹೆಪ್ಪುಗಟ್ಟದಿರಲೆಂದು ಗುಲಾಬಿ ಬಣ್ಣದ ದ್ರವ ಸುರಿದರು. ಮಧ್ಯಾಹ್ನ ಕೊಳದ ಅಂಚಿನಲ್ಲೇ ಕೂತು, ಹಸಿರು ಪಾತ್ರೆಯನ್ನು ನಡುವೆ ಇಟ್ಟುಕೊಂಡು ಕಾಳು ತಿಂದರು. ಅಲ್ಲಿ ರೊಸೇರನಿಗೆ ತಡೆಯಲಾಗಲಿಲ್ಲ.

"ಅವಳೇ ಕಳಿಸಿದ್ದು ಅಂತ ನನಗೆ ಗೊತ್ತು ಕಣೋ. ಕಾಳಿಗೆ ಸಾಸಿವೆ ಹಾಕಿದಾಳೆ. ಪಾತ್ರೆ ಅವಳದ್ದು. ಈಗಲಾದ್ರೂ ಬಾಯಿ ಬಿಡು. ಏನಂದಳು?"

ವಿಯನೆ ಚಮಚ ಕೆಳಗಿಟ್ಟ. "ಪಾತ್ರೆ ಈಸ್ಟರ್ ಹಬ್ಬದಿಂದ ನಮ್ಮನೇಲೇ ಇದೆ ಭಾವ. ಅಕ್ಕ ವಾಪಸು ಕೇಳಲೇ ಇಲ್ಲ. ಕಾಳು ಪೊಲೀನ್ ಮಾಡಿದ್ದು."

"ನಿನ್ನ ಹೆಂಡ್ತಿ ನನಗೆ ಅಂತ ಮಾಡಿದಳಾ?" ಇದು ರೊಸೇರನನ್ನು ಇನ್ನಷ್ಟು ಗಲಿಬಿಲಿ ಮಾಡಿತು. ಪೊಲೀನ್ ಮರಿಯೆಟ್ಟಳ ಜೀವದ ಗೆಳತಿ. ಜುಲೈಯಿಂದ ಅಂಗಡಿಯಲ್ಲಿ ಎದುರು ಸಿಕ್ಕರೂ ಮೂಗು ಮುರಿದು ಹೋಗುವವಳು.

"ನಿನಗಲ್ಲ. ನನಗೆ. ಬೇಟೆಯ ಬುತ್ತಿ. ನಾನೀಗ ಕಾಡಲ್ಲಿದ್ದೀನಿ."

"ಎಲ್ಲಿ?"

"ಲಾ ತ್ಯೂಕ್ ಕಡೆ. ಮೂಸ್ ಜಿಂಕೆ ಹೊಡೆಯೋಕೆ ಹೋಗಿದ್ದೀನಿ. ಇವತ್ತು ಬೆಳಿಗ್ಗೆ ಐದಕ್ಕೆ ಹೊರಟೆ. ಹಂಗಂತ ಪೊಲೀನಿಗೆ ಹೇಳಿದೀನಿ, ಅಕ್ಕನಿಗೂ ಹೇಳಿದೀನಿ."

ರೊಸೇರ್ ಆ ಕಿತ್ತಳೆ ಕೋಟನ್ನು ನೋಡಿದ. "ಐದಕ್ಕೆ ಹೊರಟು ಇಲ್ಲಿಗೆ ಒಂಬತ್ತಕ್ಕೆ ಬಂದ್ಯಾ? ನಿನ್ನ ಮನೆಯಿಂದ ಹತ್ತು ನಿಮಿಷದ ದಾರಿ."

"ಚರ್ಚಿನ ಹಿಂದೆ ಟ್ರಕ್ಕು ನಿಲ್ಲಿಸ್ಕೊಂಡು ಕೂತಿದ್ದೆ. ಅಷ್ಟು ಬೇಗ ಬಂದ್ರೆ ನೀನು ಎದ್ದಿರ್ತೀಯೋ ಇಲ್ವೋ ಅಂತ." ಪಾತ್ರೆಯನ್ನು ಭಾವನ ಕಡೆ ತಳ್ಳಿ ಮತ್ತೆ ಹೇಳಿದ. "ಆ ಮನೆಗೆ ಹೋಗೋರು ನನ್ನ ಮನೆಗೆ ಬರೋದು ಬೇಡ ಅಂದಿದ್ದಾಳೆ ಅಕ್ಕ. ಜೋಲಿಯೆಟ್‌ನಲ್ಲಿ ಮನೆ ಹಿಡಿದಿದ್ದಾಳೆ. ಎರಡು ವರ್ಷಕ್ಕೆ ಕರಾರು ಬರೆದುಕೊಟ್ಟಿದ್ದಾಳೆ. ಚರ್ಚಿನ ಹಾಡಿನ ಗುಂಪಿಗೆ ಸೇರಿದ್ದಾಳೆ. ಚೆನ್ನಾಗಿದ್ದಾಳೆ ಭಾವ. ಅವಳು ಬರಲ್ಲ. ನನ್ನನ್ನ ಅವಳು ಕಳಿಸಲಿಲ್ಲ, ನಾನೇ ಬಂದೆ."

ರೊಸೇರನಿಗೆ ಅಳು ಬಂತು. ಅಳು ಬಂದದ್ದು ಮರಿಯೆಟ್ ಬರುವುದಿಲ್ಲ ಅಂತಲೋ, ಅವಳು ತನ್ನನ್ನು ಬಿಟ್ಟು ಚೆನ್ನಾಗಿದ್ದಾಳೆ ಅಂತಲೋ, ಈ ಮನುಷ್ಯ ಹೆಂಡತಿಗೂ ಅಕ್ಕನಿಗೂ ಸುಳ್ಳು ಹೇಳಿ ನಾಲ್ಕು ತಾಸು ಚಳಿಯಲ್ಲಿ ಚರ್ಚಿನ ಹಿಂದೆ ಕೂತಿದ್ದ ಅಂತಲೋ, ಅವನಿಗೆ ಬಿಡಿಸಿ ಹೇಳಲಾಗುತ್ತಿರಲಿಲ್ಲ. ಬೆಳಿಗ್ಗೆಯಿಂದ ಕಾದದ್ದು ಒಂದು ಉತ್ತರಕ್ಕೆ. ಅದು ಬಂದಿತ್ತು. ಎದೆ ಒಡೆದಂತೆಯೂ ಆಯಿತು, ಅದೇ ಹೊತ್ತಿಗೆ ಯಾರೋ ಹೆಗಲ ಮೇಲೆ ಕೈಯಿಟ್ಟಂತೆಯೂ ಆಯಿತು. ಎರಡರಲ್ಲಿ ಯಾವುದಕ್ಕೆ ಮುಖ ಕೊಡಬೇಕೆಂದು ತಿಳಿಯದೆ ಖಾಲಿ ಪಾತ್ರೆಯ ತಳವನ್ನು ಚಮಚದಿಂದ ಕೆರೆಯುತ್ತ ಕೂತ. ವಿಯನೆ ಅವನ ಮುಖ ನೋಡದೆ ಬೇಲಿಯ ಕಡೆ ನೋಡುತ್ತಿದ್ದ.

"ಬೇಟೆ ಇಲ್ಲದೆ ವಾಪಸು ಹೋದ್ರೆ ಏನಂತೀಯ ಅವರಿಗೆ?" ಅಂತ ರೊಸೇರ್ ಕೊನೆಗೆ ಕೇಳಿದ, ಮೂಗು ಒರೆಸಿಕೊಳ್ಳುತ್ತ.

"ಸಿಗಲಿಲ್ಲ ಅಂತೀನಿ. ಹದಿನಾಲ್ಕು ವರ್ಷದಿಂದ ಒಂದೂ ಸಿಕ್ಕಿಲ್ಲ. ಈ ಸಲ ಸಿಕ್ಕಿದ್ರೇನೇ ಅವರಿಗೆ ಅನುಮಾನ ಬರೋದು."

ಎದ್ದು ಕೊಳದ ಮೇಲೆ ಹಾಸುವ ಹೊದಿಕೆ ಬಿಚ್ಚಿದರು. ಮಂಜುಗಡ್ಡೆಯ ಒತ್ತಡ ತಡೆಯಲೆಂದು ಗಾಳಿ ತುಂಬಿದ ದೊಡ್ಡ ದಿಂಬನ್ನು ನೀರಿನ ನಡುವೆ ತೇಲಿಬಿಟ್ಟರು. ಆ ಬದಿಯಲ್ಲಿ ಒಬ್ಬ, ಈ ಬದಿಯಲ್ಲಿ ಒಬ್ಬ ಹೊದಿಕೆಯನ್ನು ಎಳೆದುಕೊಂಡು ನಡೆದು, ಅದು ಹಾರದಿರಲೆಂದು ಅಂಚಿನುದ್ದಕ್ಕೂ ನೀರು ತುಂಬಿದ ಚೀಲಗಳನ್ನು ಹೇರಿದರು. ನಾಲ್ಕು ಗಂಟೆಯ ಹೊತ್ತಿಗೆ ಕೊಳ ಕಾಣದಾಯಿತು.

ರೊಸೇರ್ ಬಿಯರ್ ತಂದುಕೊಟ್ಟ. ವಿಯನೆ ಕುಡಿದು ಮುಗಿಸಿದ. ಕಂಪ್ರೆಸರನ್ನು ಟ್ರಕ್ಕಿಗೆ ಹತ್ತಿಸಿದರು. ವಿಯನೆ ಕೀಲಿ ಕೈಯಲ್ಲಿ ಹಿಡಿದು ನಿಂತನೇ ಹೊರತು ಟ್ರಕ್ಕು ಹತ್ತಲಿಲ್ಲ.

"ಮತ್ತೇನು?" ಅಂದ ರೊಸೇರ್.

"ಬುಧವಾರದವರೆಗೆ ನಾನು ಕಾಡಲ್ಲಿರಬೇಕು. ಅದನ್ನ ಯೋಚನೆ ಮಾಡಿರಲಿಲ್ಲ."

ರೊಸೇರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಟ್ರಕ್ಕಿನ ಮುಂದಿನ ಸೀಟಿನಿಂದ ಅವನ ಚೀಲ ತೆಗೆದುಕೊಂಡು ಒಳಗೆ ನಡೆದ.

ಇನ್ನೊಂದು ಹಾಸಿಗೆ ಇದ್ದದ್ದು ಮರಿಯೆಟ್ ಬಟ್ಟೆ ಹೊಲಿಯುತ್ತಿದ್ದ ಕೋಣೆಯಲ್ಲಿ. ಆ ಬಾಗಿಲನ್ನು ಜುಲೈಯಿಂದ ಅವನು ತೆರೆದಿರಲಿಲ್ಲ. ಹಾಸಿಗೆಯ ಮೇಲೆ ಕತ್ತರಿಸಿದ ನೀಲಿ ಬಟ್ಟೆ ಹರಡಿತ್ತು. ಮೇಲೆ ಅಳತೆಯ ಕಾಗದ, ಅಂಚಿನುದ್ದಕ್ಕೂ ಗುಂಡುಸೂಜಿ. ಹೊಲಿಯುವವಳು ಚಹಾ ಕುಡಿಯಲು ಎದ್ದು ಹೋದ ಹಾಗೆ ಇತ್ತು. ಮಗಳು ಬಂದು ಆ ಕೋಣೆಗೆ ಹೋದಾಗಲೂ ಅದನ್ನು ಮುಟ್ಟಬೇಡ ಅಂದಿದ್ದ. ಮುಟ್ಟಿದರೆ ಅಮ್ಮ ಬಂದಾಗ ಅಳತೆ ತಪ್ಪುತ್ತದೆ ಅಂದಿದ್ದ.

ಈಗ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತ. ಕಾಗದ ಮಡಿಸಿದ. ಬಟ್ಟೆ ಮಡಿಸಿದ. ಮಡಿಸಿದ ಬಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗವಚಿಕೊಂಡು ಕೋಣೆಯ ನಡುವೆ ನಿಂತ.

"ಭಾವ, ನಾನು ಸೋಫಾ ಮೇಲೇ ಮಲಗ್ತೀನಿ ಬಿಡು" ಅಂದ ವಿಯನೆ ಬಾಗಿಲಲ್ಲಿ.

"ಬೇಡ" ಅಂದ ರೊಸೇರ್. ಅವನು ನಿಂತಲ್ಲಿಂದ ಅಲುಗಲಿಲ್ಲ.

ವಿಯನೆ ಒಳಗೆ ಬಂದು ಬಟ್ಟೆಯನ್ನು ಅವನ ಕೈಯಿಂದ ಬಿಡಿಸಿಕೊಂಡು ಬೀರುವಿನೊಳಗೆ ಇಟ್ಟ. ಅಲ್ಲೇ ಇದ್ದ ಒಗೆದ ದುಪ್ಪಟಿ ತೆಗೆದು ಕೊಡವಿ, ಅದರ ಎರಡು ಮೂಲೆಯನ್ನು ಭಾವನ ಕೈಗೆ ಕೊಟ್ಟ. ಹಾಸಿಗೆಯ ಆಚೆ ಬದಿಗೆ ಹೋಗಿ ನಿಂತು, ಅವನು ಬಗ್ಗುವುದನ್ನು ಕಾದ.